ಬೆಳಗಾವಿ ಮತ್ತು ಖಾನಾಪುರದ ಹಳೆಯ ಬೀದಿಗಳು ಹಾಗೂ ಸಾಂಪ್ರದಾಯಿಕ ಮನೆಗಳು

ಬೆಳಗಾವಿ ನಗರ ಹಾಗೂ ಅದೇ ಜಿಲ್ಲೆಯ ಖಾನಾಪುರ ತಾಲೂಕಿನ ಹಳೆಯ ವಸತಿ ಪ್ರದೇಶಗಳು ಮಲೆನಾಡು ಮತ್ತು ಬಯಲುಸೀಮೆ ಕೂಡುವ ನೆಲದ ಗೃಹನಿರ್ಮಾಣ ಪದ್ಧತಿಯನ್ನು ಪ್ರತಿನಿಧಿಸುತ್ತವೆ. ಇಲ್ಲಿನ ಕೋಟೆ, ಬಸದಿ, ದೇವಾಲಯಗಳ ಬಗ್ಗೆ ಸಾಕಷ್ಟು ಅಧ್ಯಯನ ನಡೆದಿದೆ. ಅವುಗಳ ಸುತ್ತಲಿನ ಗಲ್ಲಿಗಳು ಇಕ್ಕಟ್ಟಾಗಿರುವುದರಿಂದ ಅವುಗಳ ರಚನೆಯನ್ನು ಕಾಲ್ನಡಿಗೆಯಲ್ಲಿಯೇ ಚೆನ್ನಾಗಿ ಗಮನಿಸಬಹುದು.

ಕೋಟೆ ಪ್ರದೇಶ

ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಯನ್ನು ರಟ್ಟ ದೊರೆ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದನು. ಬಿಜಾಪುರದ ಆದಿಲಶಾಹಿ ಕಾಲದ ಸಫಾ ಮಸೀದಿಯೂ ಕೋಟೆಯೊಳಗಿದೆ. 1818ರಲ್ಲಿ ಕೋಟೆ ಬ್ರಿಟಿಷರ ವಶವಾಯಿತು. 1892ರ ಅಕ್ಟೋಬರಿನಲ್ಲಿ ಸ್ವಾಮಿ ವಿವೇಕಾನಂದರು ಬೆಳಗಾವಿಗೆ ಬಂದಾಗ ಮೊದಲು ರಿಸಾಲದಾರ ಗಲ್ಲಿಯಲ್ಲಿ ವಕೀಲ ಭಾಟೆಯವರ ಮನೆಯಲ್ಲಿ, ನಂತರ ಕೋಟೆಯಲ್ಲಿ ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆಯಲ್ಲಿ ತಂಗಿದ್ದರು. ಈ ಎರಡೂ ಮನೆಗಳು ಸ್ಮಾರಕಗಳಾಗಿ ಉಳಿದಿವೆ.

ಹಳೆಯ ಪೇಟೆ ಮತ್ತು ಶಹಾಪುರ

ಕೋಟೆಯ ಹೊರಗಿನ ಪೇಟೆಯಲ್ಲಿ ಬೀದಿಗಳ ಹೆಸರುಗಳೇ ಊರಿನ ಚರಿತ್ರೆಯನ್ನು ಸೂಚಿಸುತ್ತವೆ. ಗಣಪತ ಗಲ್ಲಿ, ಮಾರುತಿ ಗಲ್ಲಿಗಳಿಗೆ ದೇವರ ಹೆಸರಿದ್ದರೆ, ರಿಸಾಲದಾರ ಗಲ್ಲಿ, ತಹಶೀಲ್ದಾರ ಗಲ್ಲಿಗಳಿಗೆ ಅಧಿಕಾರಿಗಳ ಹುದ್ದೆಯ ಹೆಸರಿದೆ. ಶಹಾಪುರವು ಹಿಂದೆ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು ಮತ್ತು ಸೀರೆ ನೇಕಾರಿಕೆಗೆ ಹೆಸರಾಗಿತ್ತು. ನೇಕಾರರ ಮನೆಗಳಲ್ಲಿ ವಾಸದ ಜಾಗ ಮತ್ತು ಮಗ್ಗದ ಜಾಗ ಒಂದೇ ಸೂರಿನಡಿ ಇರುತ್ತಿದ್ದವು.

ಮನೆಗಳ ರಚನೆ

ಹಳೆಯ ಮನೆಗಳಲ್ಲಿ ಬೀದಿಗೆ ಮುಖಮಾಡಿದ ಕಟ್ಟೆ, ಅದರ ಹಿಂದೆ ಪಡಸಾಲೆ, ನಡುಮನೆ, ದೇವರ ಕೋಣೆ, ಅಡುಗೆಮನೆ ಹಾಗೂ ಹಿತ್ತಲು ಒಂದರ ಹಿಂದೊಂದು ಬರುತ್ತವೆ. ಅನುಕೂಲಸ್ಥರ ವಾಡೆಗಳಲ್ಲಿ ನಡುವೆ ತೆರೆದ ಅಂಗಳವಿರುತ್ತದೆ. ಗೋಡೆಗಳಿಗೆ ಕೆಂಪು ಜಂಬಿಟ್ಟಿಗೆ ಕಲ್ಲು ಅಥವಾ ಮಣ್ಣು, ಕಂಬ ಮತ್ತು ತೊಲೆಗಳಿಗೆ ಕಾಡಿನ ಮರ ಬಳಕೆಯಾಗಿದೆ. ಮುಂಗಾರಿನ ಮಳೆ ಬಿರುಸಾಗಿರುವುದರಿಂದ ಮಾಡು ಇಳಿಜಾರಾಗಿದ್ದು, ಸೂರು ಗೋಡೆಯಿಂದ ಮುಂದಕ್ಕೆ ಚಾಚಿರುತ್ತದೆ. ಬೀದಿಯ ಕಟ್ಟೆ ಮನೆಯವರಿಗೂ ದಾರಿಹೋಕರಿಗೂ ಕೂರುವ ತಾಣವಾಗಿದ್ದು, ರಸ್ತೆ ಅಗಲಿಸಿದಾಗ ಮೊದಲು ಇಲ್ಲವಾಗುವ ಭಾಗವೂ ಅದೇ ಆಗಿದೆ.

ಖಾನಾಪುರ ತಾಲೂಕು

ಮಲಪ್ರಭಾ ನದಿಯ ದಡದಲ್ಲಿರುವ ಖಾನಾಪುರದ ಜೇಡಿಮಣ್ಣು ಹೆಂಚು ಹಾಗೂ ಮಡಕೆಗಳ ತಯಾರಿಕೆಗೆ ಒದಗಿಬಂದಿದೆ. ಗ್ರಾಮೀಣ ಕುಂಬಾರಿಕೆಯ ತರಬೇತಿ ನೀಡುವ ಕೇಂದ್ರ ಸಂಸ್ಥೆಯೂ ಇಲ್ಲಿದೆ. ತಾಲೂಕಿನ ನಂದಗಡದಲ್ಲಿ 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಲಾಯಿತು. ಕದಂಬರ ಕಾಲದಲ್ಲಿ ಪಲಾಶಿಕಾ ಎನಿಸಿದ್ದ ಹಲಸಿಯಲ್ಲಿ ಭೂವರಾಹ ನರಸಿಂಹ ದೇವಾಲಯವಿದ್ದು, ಗುಡಿ ಮತ್ತು ಊರಿನ ಹೆಂಚಿನ ಮನೆಗಳನ್ನು ಒಂದೇ ನಡಿಗೆಯಲ್ಲಿ ನೋಡಬಹುದು.

ಸಂರಕ್ಷಣೆ

1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯು ರಾಷ್ಟ್ರೀಯ ಮಹತ್ವದ್ದೆಂದು ಘೋಷಿತವಾದ ಸ್ಮಾರಕ ಮತ್ತು ನಿವೇಶನಗಳನ್ನು ರಕ್ಷಿಸುತ್ತದೆ. 2010ರ ತಿದ್ದುಪಡಿಯಂತೆ ಅವುಗಳಿಂದ ಕನಿಷ್ಠ 100 ಮೀಟರ್‌ವರೆಗಿನ ಪ್ರದೇಶ ನಿಷೇಧಿತವಾಗಿದ್ದು, ಅದರಾಚೆಯ 200 ಮೀಟರ್ ನಿಯಂತ್ರಿತವಾಗಿದೆ. ಈ ನಿಯಮ ಹೊಸ ನಿರ್ಮಾಣವನ್ನು ತಡೆಯಬಹುದಾದರೂ ಸಾಮಾನ್ಯ ಮನೆಯೊಂದನ್ನು ಅದರ ಸ್ವರೂಪದಲ್ಲಿಯೇ ಉಳಿಸಿಕೊಳ್ಳಲು ನೆರವಾಗುವುದಿಲ್ಲ. ಆಸ್ತಿಯ ಪಾಲು, ಮರ ಮತ್ತು ಹೆಂಚಿನ ದುರಸ್ತಿಯ ವೆಚ್ಚ, ಪೇಟೆಯಲ್ಲಿ ಏರಿದ ನೆಲದ ಬೆಲೆ ಇವು ಹಳೆಯ ಮನೆಗಳನ್ನು ಕೆಡವಲು ಸಾಮಾನ್ಯ ಕಾರಣಗಳಾಗಿವೆ.

ಇದಕ್ಕೆ ಹೋಲಿಕೆಯಾಗಿ ಜಪಾನಿನ ವ್ಯವಸ್ಥೆಯನ್ನು ಗಮನಿಸಬಹುದು. ಅಲ್ಲಿ 1975ರ ಕಾನೂನು ತಿದ್ದುಪಡಿಯಿಂದ ಬಿಡಿ ಕಟ್ಟಡಗಳಷ್ಟೇ ಅಲ್ಲದೆ ಐತಿಹಾಸಿಕ ಕಟ್ಟಡಗಳ ಸಮೂಹವೂ ಸಂರಕ್ಷಣೆಗೆ ಒಳಪಟ್ಟಿತು. ನಾಗಾನೊ ಪ್ರಾಂತದ ತ್ಸುಮಾಗೊ ಊರಿನ ನಿವಾಸಿಗಳು ಅದಕ್ಕೂ ಮೊದಲೇ, 1971ರಲ್ಲಿ, ಮನೆಗಳನ್ನು ಮಾರಬಾರದು, ಬಾಡಿಗೆಗೆ ಕೊಡಬಾರದು, ಕೆಡವಬಾರದು ಎಂಬ ಒಡಂಬಡಿಕೆ ಮಾಡಿಕೊಂಡಿದ್ದರು. ಬೆಳಗಾವಿ ಮತ್ತು ಖಾನಾಪುರದ ಸಾಮಾನ್ಯ ಮನೆಗಳ ಉಳಿವು ಬಹುಮಟ್ಟಿಗೆ ಅವುಗಳಲ್ಲಿ ವಾಸಿಸುವ ಕುಟುಂಬಗಳನ್ನೇ ಅವಲಂಬಿಸಿದೆ.

ವೀಕ್ಷಣೆ

ಮಳೆಗಾಲ ಮುಗಿದ ನಂತರದ ನವೆಂಬರಿನಿಂದ ಫೆಬ್ರವರಿವರೆಗಿನ ಅವಧಿ ನಡಿಗೆಗೆ ಅನುಕೂಲಕರವಾಗಿದೆ. ಹೆಚ್ಚಿನ ಮನೆಗಳು ಖಾಸಗಿ ವಾಸಸ್ಥಳಗಳಾದ್ದರಿಂದ ಒಳಗೆ ಪ್ರವೇಶಿಸಲು ಮತ್ತು ಛಾಯಾಚಿತ್ರ ತೆಗೆಯಲು ಮನೆಯವರ ಅನುಮತಿ ಅಗತ್ಯ.