ಕಡಲ ಮಗ್ಗುಲಲ್ಲಿ ಜಲಜನಕ

ಮಂಗಳೂರಿಗೆ ಜಲಜನಕ ಹೊಸತಲ್ಲ. 1976ರಲ್ಲಿ ಪಣಂಬೂರಿನಲ್ಲಿ ಉತ್ಪಾದನೆ ಆರಂಭಿಸಿದ ಎಂ.ಸಿ.ಎಫ್. ರಸಗೊಬ್ಬರ ಕಾರ್ಖಾನೆ ದಶಕಗಳ ಕಾಲ ನಾಫ್ತಾದಿಂದ ಜಲಜನಕ ತೆಗೆದು, ಗಾಳಿಯ ಸಾರಜನಕದೊಡನೆ ಕೂಡಿಸಿ ಅಮೋನಿಯಾ, ಅದರಿಂದ ಯೂರಿಯಾ ತಯಾರಿಸಿತು. ಜೊತೆಗೆ ಇಂಗಾಲದ ಡೈ ಆಕ್ಸೈಡೂ ಹೊರಬೀಳುತ್ತಿತ್ತು. ಬಿಸಿಲು, ಗಾಳಿಯಿಂದ ಪಡೆದ ವಿದ್ಯುತ್ತಿನಿಂದ ನೀರನ್ನೇ ಒಡೆದರೆ ಆ ತೊಡಕಿಲ್ಲ. ಒಂದು ಕಿಲೋ ಜಲಜನಕದಲ್ಲಿ ಅಡಗಿರುವುದು 9 ಲೀಟರ್ ನೀರು ಮಾತ್ರ.

ಎದುರಿಗೇ ಸಮುದ್ರವಿರುವಾಗ ನೀರಿಗೇನು ಬರ? ತೊಡಕು ಉಪ್ಪಿನದು. ಕಡಲ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣವಿದೆ. ಅದರಲ್ಲಿ ನೇರವಾಗಿ ವಿದ್ಯುತ್ ಹರಿಸಿದರೆ ಧನಧ್ರುವದಲ್ಲಿ ಕ್ಲೋರಿನ್ ಎದ್ದು ಲೋಹವನ್ನು ತಿನ್ನುತ್ತದೆ. ಋಣಧ್ರುವದ ಮೇಲೆ ಮೆಗ್ನೀಸಿಯಂ, ಕ್ಯಾಲ್ಸಿಯಂ ಹಕ್ಕಳೆಗಟ್ಟುತ್ತವೆ. ಹೀಗಾಗಿ ಮೊದಲು ಉಪ್ಪು ತೆಗೆಯುವುದೇ ಸದ್ಯಕ್ಕೆ ನಂಬಬಹುದಾದ ದಾರಿ.

ಮಂಗಳೂರು ಈ ದಾರಿ ಹಿಡಿದದ್ದು ಬೇರೆ ಕಾರಣಕ್ಕೆ. 2016 ಮತ್ತು 2019ರ ಬೇಸಿಗೆಯಲ್ಲಿ ನೇತ್ರಾವತಿಯ ನೀರಿಳಿದು, ಎಂ.ಆರ್.ಪಿ.ಎಲ್. ತೈಲ ಶುದ್ಧೀಕರಣಾಗಾರವು ಕೆಲವು ಘಟಕಗಳನ್ನು ನಿಲ್ಲಿಸಬೇಕಾಯಿತು. ಮುಂದೆ ಅದು ತಣ್ಣೀರುಬಾವಿಯಲ್ಲಿ ಕಡಲ ನೀರಿನಿಂದ ದಿನಕ್ಕೆ 3 ಕೋಟಿ ಲೀಟರ್ ಸಿಹಿನೀರು ಕೊಡಬಲ್ಲ ಸ್ಥಾವರ ಕಟ್ಟಿತು. ಇಂಥ ಸ್ಥಾವರಗಳಲ್ಲಿ ಸಾವಿರ ಲೀಟರಿನ ಉಪ್ಪು ತೆಗೆಯಲು ಮೂರು, ನಾಲ್ಕು ಯೂನಿಟ್ ವಿದ್ಯುತ್ ಸಾಕು. ಒಂದೇ ಕಿಲೋ ಜಲಜನಕಕ್ಕೆ ಬೇಕಾಗುವುದೋ ಸುಮಾರು 50 ಯೂನಿಟ್. ದುಬಾರಿಯಾಗುವುದು ನೀರಲ್ಲ, ಕರೆಂಟು.