ಬೇಲಿ ಹಾಕಿದವರ ಚರಿತ್ರೆ

2024ರ ಮೇ 28ರಂದು ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆ ಕಪ್ಪು ಆಟಗಾರರು ಪ್ರತ್ಯೇಕವಾಗಿ ಆಡಬೇಕಾಗಿದ್ದ ನೀಗ್ರೋ ಲೀಗ್‌ಗಳ ಅಂಕಿಅಂಶಗಳನ್ನು ತನ್ನ ಅಧಿಕೃತ ದಾಖಲೆಯೊಳಕ್ಕೆ ಸೇರಿಸಿಕೊಂಡಿತು. ಅಲ್ಲಿ ಆಡಿದ್ದ ಜೋಶ್ ಗಿಬ್ಸನ್ ಅವರ ಜೀವಮಾನದ ಬ್ಯಾಟಿಂಗ್ ಸರಾಸರಿ .372 ಎಂದಾಗಿ, ದಶಕಗಳ ಕಾಲ ತುದಿಯಲ್ಲಿ ಕೂತಿದ್ದ ಟೈ ಕಾಬ್ .367ರೊಂದಿಗೆ ಒಂದು ಮೆಟ್ಟಿಲು ಕೆಳಗಿಳಿದರು. ಗಿಬ್ಸನ್ ತೀರಿಕೊಂಡು ಆ ಹೊತ್ತಿಗೆ 77 ವರ್ಷ. ಆ ವಾರ ಬಂದ ಬರಹಗಳು ಬಹುಪಾಲು ಎರಡೇ ಬಗೆಯವು. ಹಳೆಯ ಸಾಲ ತೀರಿತೆಂದು ಸಮಾಧಾನಪಟ್ಟವು ಕೆಲವು, ಕಾಬ್‌ಗೆ ಅನ್ಯಾಯವಾಯಿತೆಂದು ಗೊಣಗಿದವು ಕೆಲವು. ಆ ಅಂಕಿಗಳು ಇಷ್ಟು ಕಾಲ ಹೊರಗೇಕೆ ಉಳಿದವು, ಅವನ್ನು ಹೆಕ್ಕಿ ತಂದವರು ಯಾರು ಎಂದು ಕೇಳಿದವು ಕಡಿಮೆ.

ಈ ಬರವಣಿಗೆಯ ಜಾಡು ಹಿಡಿದು ಬಹುಕಾಲದಿಂದ ನಡೆದಿರುವ ನನಗೆ ಇದು ಹೊಸ ಕಿರಿಕಿರಿಯಲ್ಲ. ಪ್ರತಿ ಏಪ್ರಿಲ್ 15ರಂದು ಎಲ್ಲ ತಂಡಗಳ ಆಟಗಾರರೂ 42ನೆಯ ಸಂಖ್ಯೆಯ ಅಂಗಿ ತೊಟ್ಟು ಜಾಕಿ ರಾಬಿನ್ಸನ್ ಅವರನ್ನು ನೆನೆಯುತ್ತಾರೆ. ಒಳ್ಳೆಯದೇ. ಆದರೆ ಆ ದಿನದ ಕಥೆಯಲ್ಲಿ ಇರುವವರು ಇಬ್ಬರೇ: ರಾಬಿನ್ಸನ್ ಅವರನ್ನು ಮೇಜರ್ ಲೀಗ್‌ಗೆ ಕರೆತಂದ ಬ್ರಾಂಚ್ ರಿಕಿ ಎಂಬ ಉದಾರಿ ಬಿಳಿಯ ಮತ್ತು ರಾಬಿನ್ಸನ್ ಎಂಬ ಸಹನಶೀಲ ಕಪ್ಪು ವೀರ. ಕಪ್ಪು ಆಟಗಾರರನ್ನು ಹೊರಗಿಟ್ಟಿದ್ದ, ಅವರಿಬ್ಬರು ಕಿತ್ತ ಬೇಲಿಯನ್ನು ಹಾಕಿದವರು ಯಾರು, ಯಾವ ಊರಿನ ಯಾವ ಸಭೆಯಲ್ಲಿ, ಯಾವ ಲಾಭಕ್ಕೆ ಎಂಬುದು ಆ ಕಥೆಗೆ ಬೇಕಿಲ್ಲ. ಬಾಕ್ಸಿಂಗ್ ಮತ್ತು ಬೇಸ್‌ಬಾಲ್‌ನ ವರ್ಣಭೇದದ ಬಗ್ಗೆ ನೂರಕ್ಕೂ ಹೆಚ್ಚು ವರ್ಷಗಳಿಂದ ಬಂದ ಬರವಣಿಗೆಯನ್ನು ಈ ಪ್ರಶ್ನೆ ಹಿಡಿದುಕೊಂಡೇ ಓದಬೇಕು.

ಮೊದಲ ಹಂತವನ್ನು ಬೇಗ ದಾಟೋಣ. 1810ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಬಯಲಿನಲ್ಲಿ ಟಾಮ್ ಮೊಲಿನೋ ಎಂಬ ಅಮೆರಿಕದ ಕಪ್ಪು ಮಲ್ಲ ಟಾಮ್ ಕ್ರಿಬ್ ಎದುರು ನಿಂತ ಕಾಳಗವನ್ನು ಪಿಯರ್ಸ್ ಈಗನ್ ತಮ್ಮ ‘ಬಾಕ್ಸಿಯಾನ’ದಲ್ಲಿ ರಂಗುರಂಗಾಗಿ ಬರೆದರು. ಅಲ್ಲಿ ಕುತೂಹಲವಿದೆ, ವಿಚಾರಣೆಯಿಲ್ಲ. ಅಮೆರಿಕದಲ್ಲಿ ಅಂತರ್ಯುದ್ಧ ಮುಗಿದ ಎರಡೇ ವರ್ಷಕ್ಕೆ, 1867ರಲ್ಲಿ, ಬೇಸ್‌ಬಾಲ್ ಆಟಗಾರರ ರಾಷ್ಟ್ರೀಯ ಸಂಘ ಕಪ್ಪು ಸದಸ್ಯರಿರುವ ಕ್ಲಬ್ಬುಗಳಿಗೆ ಪ್ರವೇಶವಿಲ್ಲವೆಂದು ಕಾಗದದ ಮೇಲೆಯೇ ಬರೆದಿಟ್ಟಿತು. ಅದೇ ವರ್ಷ ಪೆನ್ಸಿಲ್ವೇನಿಯಾ ರಾಜ್ಯ ಸಂಘದ ಬಾಗಿಲು ತಟ್ಟಿ ಬರಿಗೈಲಿ ಮರಳಿದ್ದು ಫಿಲಡೆಲ್ಫಿಯಾದ ಕಪ್ಪು ಆಟಗಾರರ ಪಿಥಿಯನ್ ಕ್ಲಬ್. ಅದನ್ನು ನಡೆಸುತ್ತಿದ್ದ ಶಿಕ್ಷಕ ಆಕ್ಟೇವಿಯಸ್ ಕ್ಯಾಟೊ 1871ರ ಚುನಾವಣೆಯ ದಿನ ಬೀದಿಯಲ್ಲಿ ಗುಂಡೇಟಿಗೆ ಬಲಿಯಾದರು. ಆಟದ ಚರಿತ್ರೆ ಬರೆದವರು ಬಹುಕಾಲ ಈ ಎರಡು ಸಂಗತಿಗಳನ್ನು ಒಂದೇ ಪುಟದಲ್ಲಿ ಇಡಲಿಲ್ಲ.

ಈ ಕ್ಷೇತ್ರಕ್ಕೆ ನಿಜವಾದ ಮೊದಲ ಪುಸ್ತಕ ಕೊಟ್ಟವರು ಆಟಗಾರರೇ ಆಗಿದ್ದ ಸಾಲ್ ವೈಟ್. 1907ರಲ್ಲಿ ಫಿಲಡೆಲ್ಫಿಯಾದಲ್ಲಿ ಅಚ್ಚಾದ ಅವರ ‘ಬೇಸ್ ಬಾಲ್ ಗೈಡ್’ ಜಾಹೀರಾತುಗಳ ನಡುವೆ ಅಡಗಿದ ಪುಟ್ಟ ಚರಿತ್ರೆ. ನ್ಯೂಯಾರ್ಕ್ ಪ್ರಾಂತದ ಬ್ಯಾಬಿಲಾನ್‌ನ ಹೋಟೆಲಿನಲ್ಲಿ 1885ರಲ್ಲಿ ಹುಟ್ಟಿದ ಕ್ಯೂಬನ್ ಜೈಂಟ್ಸ್ ಎಂಬ ಕಪ್ಪು ಆಟಗಾರರ ತಂಡ, ಬಿಳಿಯರ ಲೀಗ್‌ಗಳಲ್ಲೇ ಆಡಿದ್ದ ಬಡ್ ಫೌಲರ್, ಫ್ಲೀಟ್‌ವುಡ್ ವಾಕರ್, ಜಾರ್ಜ್ ಸ್ಟೋವಿ, ಹೀಗೆ ಒಂದು ತಲೆಮಾರಿನ ಹೆಸರುಗಳು ಉಳಿದದ್ದು ಬಹುಮಟ್ಟಿಗೆ ವೈಟ್ ಅವರ ದೆಸೆಯಿಂದ. ಅವರು 1955ರಲ್ಲಿ ತೀರಿಕೊಂಡರು. ಸಮಾಧಿಗೆ ಹೆಸರಿನ ಕಲ್ಲು ಬಿದ್ದದ್ದು 2014ರಲ್ಲಿ.

ರಾಬಿನ್ಸನ್ ಮೊದಲಿಗರೆಂಬ ವಾಕ್ಯ ನಿಲ್ಲದಿರುವುದೂ ಇಲ್ಲಿಯೇ. ವಾಕರ್ 1884ರಲ್ಲಿ, ಆಗ ಮೇಜರ್ ಲೀಗ್ ದರ್ಜೆಯಲ್ಲಿದ್ದ ಅಮೆರಿಕನ್ ಅಸೋಸಿಯೇಷನ್ನಿನಲ್ಲಿ, ಟೊಲೀಡೊ ತಂಡಕ್ಕೆ 42 ಪಂದ್ಯ ಆಡಿದರು. ಅವರದು ಕ್ಯಾಚರ್ ಸ್ಥಾನ. ಕ್ರಿಕೆಟ್ಟಿನ ವಿಕೆಟ್ ಕೀಪರ್‌ನಂತೆ ಹಿಂದೆ ಕೂತು, ಯಾವ ಚೆಂಡು ಬೇಕೆಂದು ಎಸೆಗಾರನಿಗೆ ಸನ್ನೆ ಮಾಡುವವರು. ವಾಕರ್ ಅವರ ಸನ್ನೆಗಳನ್ನು ತಾನು ಬೇಕೆಂದೇ ಕಡೆಗಣಿಸುತ್ತಿದ್ದೆ ಎಂದು ಅದೇ ತಂಡದ ಎಸೆಗಾರ ಟೋನಿ ಮುಲೇನ್ ಮುಂದೆ ಒಪ್ಪಿಕೊಂಡರು. ಅವರಿಗಿಂತಲೂ ಮೊದಲು, 1879ರಲ್ಲಿ, ಪ್ರಾವಿಡೆನ್ಸ್ ತಂಡಕ್ಕೆ ಒಂದೇ ಒಂದು ಪಂದ್ಯ ಆಡಿದ ವಿಲಿಯಂ ಎಡ್ವರ್ಡ್ ವೈಟ್ ಗುಲಾಮ ತಾಯಿಯ ಮಗ. ಬಿಳಿಯರೆಂದೇ ಬದುಕಿದ ಅವರ ಹುಟ್ಟಿನ ಗುಟ್ಟು ಬಯಲಾದದ್ದು ಈ ಶತಮಾನದಲ್ಲಿ, ಜನಗಣತಿಯ ಹಾಳೆಗಳನ್ನು ಕೆದಕಿದ ಹವ್ಯಾಸಿ ಸಂಶೋಧಕರಿಂದ.

ಬೇಲಿ ಹಾಕಿದ ಹೊಣೆಯನ್ನು ಸಾಲ್ ವೈಟ್ ಶಿಕಾಗೋ ತಂಡದ ನಾಯಕ ಕ್ಯಾಪ್ ಆನ್ಸನ್ ತಲೆಗೆ ಕಟ್ಟಿದರು. 1887ರ ಜುಲೈ 14ರಂದು ನ್ಯೂಅರ್ಕ್‌ನಲ್ಲಿ ಸ್ಟೋವಿ ಎದುರು ಆಡಲು ಆನ್ಸನ್ ತಂಡ ಒಪ್ಪಲಿಲ್ಲ, ಸ್ಟೋವಿ ಹೊರಗುಳಿಯಬೇಕಾಯಿತು. ಆನ್ಸನ್ ವರ್ಣದ್ವೇಷಿ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದೇ ದಿನ ದೂರದ ಬಫಲೋದಲ್ಲಿ ಇಂಟರ್‌ನ್ಯಾಷನಲ್ ಲೀಗ್‌ನ ನಿರ್ದೇಶಕರು ಕೂತು, ಇನ್ನು ಮುಂದೆ ಕಪ್ಪು ಆಟಗಾರರ ಕರಾರುಗಳಿಗೆ ಮಂಜೂರಾತಿ ಇಲ್ಲವೆಂದು ಮತ ಹಾಕಿ ತೀರ್ಮಾನಿಸಿದರು. ಆನ್ಸನ್ ಆ ಕೋಣೆಯಲ್ಲಿ ಇರಲಿಲ್ಲ. ಒಬ್ಬ ಖಳ ಬೇಲಿ ಹಾಕಿದ, ಒಬ್ಬ ಸಜ್ಜನ ಕಿತ್ತ ಎಂದುಬಿಟ್ಟರೆ ನಡುವಿನ ಅರವತ್ತು ವರ್ಷ ಅದನ್ನು ಕಾಯ್ದ ಮಾಲೀಕರು ಯಾರ ಕಣ್ಣಿಗೂ ಬೀಳುವುದಿಲ್ಲ. 1920ರಿಂದ 1944ರವರೆಗೆ ಕಮಿಷನರ್ ಆಗಿದ್ದ ಕೆನೆಸಾ ಮೌಂಟನ್ ಲ್ಯಾಂಡಿಸ್ ಅಂಥ ನಿಯಮವೇ ಇಲ್ಲವೆಂದು ಹೇಳಬಲ್ಲವರಾಗಿದ್ದರು. ಅಕ್ಷರಶಃ ಅದು ನಿಜವೂ ಆಗಿತ್ತು.

ಬಾಕ್ಸಿಂಗ್‌ನ ಲೆಕ್ಕ ಬೇರೆ. ಅಲ್ಲಿ ಲೀಗ್ ಇಲ್ಲ, ನಿರ್ದೇಶಕರ ಸಭೆಯಿಲ್ಲ. ಚಾಂಪಿಯನ್ ಆದವರು ಒಲ್ಲೆ ಎಂದರೆ ಮುಗಿಯಿತು. ಜಾನ್ ಎಲ್. ಸಲಿವನ್ ಕಪ್ಪು ಎದುರಾಳಿಗಳಿಗೆ ಹಾಗೆಯೇ ಅಂದರು. ಪೀಟರ್ ಜಾಕ್ಸನ್ 1891ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಜೇಮ್ಸ್ ಕಾರ್ಬೆಟ್ ಎದುರು 61 ಸುತ್ತು ನಿಂತರು, ಪಂದ್ಯ ತೀರ್ಪಿಲ್ಲದೆ ಮುಗಿಯಿತು. ಮರುವರ್ಷ ಪದವಿಗೇರಿದ ಕಾರ್ಬೆಟ್ ಅದನ್ನು ಪಣಕ್ಕಿಟ್ಟು ಜಾಕ್ಸನ್ ಎದುರು ಒಮ್ಮೆಯೂ ಇಳಿಯಲಿಲ್ಲ. ಕೆಳತೂಕಗಳಲ್ಲಿ ಮಾತ್ರ ಬಾಗಿಲು ಅರೆ ತೆರೆದಿತ್ತು. ಹ್ಯಾಲಿಫ್ಯಾಕ್ಸ್‌ನ ಜಾರ್ಜ್ ಡಿಕ್ಸನ್, ಬಾಲ್ಟಿಮೋರ್‌ನ ಜೋ ಗ್ಯಾನ್ಸ್ ವಿಶ್ವ ಚಾಂಪಿಯನ್ನರಾದರು. 1892ರ ಸೆಪ್ಟೆಂಬರ್‌ನಲ್ಲಿ ನ್ಯೂಆರ್ಲಿಯನ್ಸ್‌ನಲ್ಲಿ ಡಿಕ್ಸನ್ ಬಿಳಿಯ ಎದುರಾಳಿಯನ್ನು ಬಡಿದು ಕೆಡವಿದ್ದೇ, ಆ ಕ್ಲಬ್ ಮಿಶ್ರ ಪಂದ್ಯಗಳನ್ನೇ ನಿಲ್ಲಿಸಿತು. ಸೋಲುವಷ್ಟು ಕಾಲ ಮಾತ್ರ ಅವಕಾಶ, ಅಷ್ಟೆ.

ಮೊದಲ ಕಪ್ಪು ಹೆವಿವೇಟ್ ಚಾಂಪಿಯನ್ ಜ್ಯಾಕ್ ಜಾನ್ಸನ್ ಮೇಲೆ ಪುಸ್ತಕಗಳ ಅಟ್ಟಿಯೇ ಇದೆ. 1908ರ ಡಿಸೆಂಬರ್ 26ರಂದು ಸಿಡ್ನಿಯಲ್ಲಿ ಟಾಮಿ ಬರ್ನ್ಸ್‌ರನ್ನು ಸೋಲಿಸಿದ್ದು, ಅಲ್ಲಿ ಸೋತ ಬರ್ನ್ಸ್‌ಗೆ 30,000 ಡಾಲರ್, ಗೆದ್ದ ಜಾನ್ಸನ್‌ಗೆ 5,000. 1910ರ ಜುಲೈ 4ರಂದು ರೀನೋದಲ್ಲಿ ಬಿಳಿಯ ಮಾಜಿ ಚಾಂಪಿಯನ್ ಜಿಮ್ ಜೆಫ್ರೀಸ್ ನೆಲಕಚ್ಚಿದ್ದು, ಆ ರಾತ್ರಿ ಊರೂರುಗಳಲ್ಲಿ ಕಪ್ಪು ಜನರ ಮೇಲೆ ಬಿದ್ದ ಏಟುಗಳು. 1912ರಲ್ಲಿ ಬಾಕ್ಸಿಂಗ್ ಚಿತ್ರಗಳ ಅಂತರರಾಜ್ಯ ಸಾಗಣೆಗೆ ಬಿದ್ದ ನಿಷೇಧ. 1913ರಲ್ಲಿ, ಹೆಂಗಸರನ್ನು ಅನೈತಿಕ ಉದ್ದೇಶಕ್ಕೆ ರಾಜ್ಯದ ಗಡಿ ದಾಟಿಸುವುದನ್ನು ತಡೆಯುವ ಮ್ಯಾನ್ ಕಾಯಿದೆಯಡಿ ಪೂರ್ತಿ ಬಿಳಿಯ ಜ್ಯೂರಿ ಕೊಟ್ಟ ತೀರ್ಪು, 2018ರಲ್ಲಿ ಸಿಕ್ಕ ಮರಣೋತ್ತರ ಕ್ಷಮಾದಾನ. ಇದೆಲ್ಲ ಈಗ ಚೆನ್ನಾಗಿ ಗೊತ್ತು. ‘ದ ರಿಂಗ್’ ಪತ್ರಿಕೆಯ ನ್ಯಾಟ್ ಫ್ಲೈಷರ್ 1938ರಿಂದ ಹೊರತಂದ ‘ಬ್ಲ್ಯಾಕ್ ಡೈನಮೈಟ್’ ಸಂಪುಟಗಳು ಕಥೆಗಾರಿಕೆಯಲ್ಲಿ ಗಟ್ಟಿ, ಆಧಾರ ಕೇಳಿದರೆ ತಡವರಿಸುತ್ತವೆ. ರ‍್ಯಾಂಡಿ ರಾಬರ್ಟ್ಸ್ ಅವರ 1983ರ ‘ಪಾಪಾ ಜ್ಯಾಕ್’ ಆ ಕೊರತೆ ತುಂಬಿತು, ಆದರೆ ನಾಯಕನ ಮೇಲೆ ಅದಕ್ಕೆ ಪ್ರೀತಿ ಸಾಲದು. ಜೆಫ್ರಿ ವಾರ್ಡ್ ಅವರ 2004ರ ಚರಿತ್ರೆಗೆ ಪ್ರೀತಿ ತುಸು ಹೆಚ್ಚೇ. ಥೆರೆಸಾ ರನ್‌ಸ್ಟೆಟ್ಲರ್ 2012ರಲ್ಲಿ ಜಾನ್ಸನ್ ಅವರನ್ನು ಅಮೆರಿಕದ ಗಡಿ ದಾಟಿಸಿ ಸಾಮ್ರಾಜ್ಯಗಳ ಭೂಪಟದ ಮೇಲೆ ನಿಲ್ಲಿಸಿದರು. 1911ರಲ್ಲಿ ಲಂಡನ್‌ನಲ್ಲಿ ಜಾನ್ಸನ್ ಆಡಬೇಕಿದ್ದ ಪಂದ್ಯ ಗೃಹಮಂತ್ರಿ ವಿನ್‌ಸ್ಟನ್ ಚರ್ಚಿಲ್ ಅವರ ಕಾಲದಲ್ಲಿ ನಿಂತುಹೋದದ್ದೇಕೆ ಎಂಬುದು ವಸಾಹತುಗಳಲ್ಲಿ ಬದುಕಿದವರ ಮೊಮ್ಮಕ್ಕಳಾದ ನಮಗೆ ಬಿಡಿಸಿ ಹೇಳಬೇಕಿಲ್ಲ.

ಇಷ್ಟಾಗಿಯೂ, ಪದವಿಯಲ್ಲಿದ್ದಷ್ಟು ಕಾಲ ಜಾನ್ಸನ್ ಕೂಡ ಸ್ಯಾಮ್ ಲ್ಯಾಂಗ್‌ಫರ್ಡ್, ಜೋ ಜೆನೆಟ್‌ರಂಥ ಕಪ್ಪು ಮಲ್ಲರನ್ನು ದೂರವಿಟ್ಟರು. ಬಿಳಿಯರ ಎದುರು ಹಣ ಹೆಚ್ಚಿತ್ತು. ಈ ಕಟುಸತ್ಯವನ್ನು ಅಭಿಮಾನಿ ಚರಿತ್ರೆಗಳು ಒಂದು ಸಾಲಿನಲ್ಲಿ ಮುಗಿಸಿ ಮುಂದೆ ಹೋಗುತ್ತವೆ.

ಬೇಸ್‌ಬಾಲ್‌ಗೆ ಮರಳುತ್ತೇನೆ. ನನ್ನ ಒಲವು ಇರುವುದೂ ಅಲ್ಲಿ, ಮುಖ್ಯವಾಗಿ 1970ರ ನಂತರದ ಕೆಲಸದ ಮೇಲೆ. ಅದಕ್ಕೂ ಮುನ್ನ ದಾಖಲೆಯೆಂದು ಇದ್ದದ್ದು ಕಪ್ಪು ಜನರ ವಾರಪತ್ರಿಕೆಗಳು. ‘ಪಿಟ್ಸ್‌ಬರ್ಗ್ ಕೊರಿಯರ್’ನ ವೆಂಡೆಲ್ ಸ್ಮಿತ್, ‘ಆಫ್ರೊ-ಅಮೆರಿಕನ್’ನ ಸ್ಯಾಮ್ ಲೇಸಿ ವರ್ಷಗಟ್ಟಲೆ ಒತ್ತಡ ಹಾಕದಿದ್ದರೆ ರಿಕಿ ಅವರ ಔದಾರ್ಯಕ್ಕೆ ಕೆಲಸವೇ ಇರುತ್ತಿರಲಿಲ್ಲ. ಕಮ್ಯುನಿಸ್ಟ್ ಪತ್ರಿಕೆ ‘ಡೈಲಿ ವರ್ಕರ್’ನ ಲೆಸ್ಟರ್ ರಾಡ್ನಿ ಪಾಲನ್ನಂತೂ ಶೀತಲಸಮರದ ವರ್ಷಗಳಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. 1945ರ ಏಪ್ರಿಲ್‌ನಲ್ಲಿ ಸ್ಮಿತ್ ಮೂವರು ಕಪ್ಪು ಆಟಗಾರರನ್ನು ಬಾಸ್ಟನ್‌ನ ಫೆನ್ವೇ ಪಾರ್ಕ್‌ಗೆ ಪರೀಕ್ಷೆಗೆ ಕರೆದೊಯ್ದರು. ಅವರಲ್ಲಿ ರಾಬಿನ್ಸನ್ ಒಬ್ಬರು. ರೆಡ್ ಸಾಕ್ಸ್ ಮೂವರನ್ನೂ ಬೇಡವೆಂದಿತು. ಆ ತಂಡಕ್ಕೆ ಮೊದಲ ಕಪ್ಪು ಆಟಗಾರ ಬಂದದ್ದು 1959ರಲ್ಲಿ, ಉಳಿದೆಲ್ಲ ತಂಡಗಳ ನಂತರ.

1970ರಲ್ಲಿ ಪತ್ರಕರ್ತ ರಾಬರ್ಟ್ ಪೀಟರ್ಸನ್ ಅವರ ‘ಓನ್ಲಿ ದ ಬಾಲ್ ವಾಸ್ ವೈಟ್’ ಬಂತು. ಹಳೆಯ ಪತ್ರಿಕೆಗಳ ಮೈಕ್ರೋಫಿಲ್ಮ್ ನೋಡಿ, ಬದುಕಿದ್ದ ಆಟಗಾರರ ಮನೆಬಾಗಿಲಿಗೆ ಹೋಗಿ ಮಾತಾಡಿಸಿ ಬರೆದ ಪುಸ್ತಕ ಅದು. ಕೊನೆಯ ಪುಟಗಳಲ್ಲಿ ಆಟಗಾರರ ಪಟ್ಟಿ, ವರ್ಷವಾರು ಲೀಗ್ ಸ್ಥಾನಗಳು. ಮುಂದಿನ ಸಂಶೋಧನೆಯೆಲ್ಲ ಆ ಪುಟಗಳ ಮೇಲೆಯೇ ಕಾಲಿಟ್ಟು ನಡೆದಿದೆ ಎಂದರೆ ಅತಿಯಲ್ಲ. ಜಾನ್ ಹಾಲ್ವೇ ಟೇಪ್ ರೆಕಾರ್ಡರ್ ಹಿಡಿದು ಓಡಾಡಿ 1975ರಲ್ಲಿ ಆಟಗಾರರ ಮಾತನ್ನು ಅವರದೇ ದನಿಯಲ್ಲಿ ಅಚ್ಚು ಮಾಡಿಸಿದರು. ಅಲ್ಲಿ ಊಟ ಕೊಡದ ಹೋಟೆಲುಗಳಿವೆ, ಬಸ್ಸಿನಲ್ಲೇ ಕಳೆದ ರಾತ್ರಿಗಳಿವೆ. ಅಷ್ಟೇ ಪ್ರಮಾಣದಲ್ಲಿ ನಗುವೂ ಕಸುಬಿನ ಹೆಮ್ಮೆಯೂ ಇವೆ. ಕಪ್ಪು ಬೇಸ್‌ಬಾಲ್ ಬರೀ ಸಂಕಟದ ಕಥೆಯಲ್ಲ ಎಂದು ನಮ್ಮ ತಲೆಮಾರಿಗೆ ತಿಳಿಸಿಕೊಟ್ಟದ್ದು ಈ ಬಾಯಿಮಾತಿನ ಪರಂಪರೆ. ವಿಶ್ವವಿದ್ಯಾಲಯದ ಕೆಲವರು ಇದನ್ನು ನೆನಪಿನ ಜೊಳ್ಳು ಎಂದು ಹಗುರ ಮಾಡಿದ್ದುಂಟು. ಆದರೆ ಹತ್ತು ವರ್ಷ ತಡವಾಗಿದ್ದರೆ ಕೇಳಲು ಮನುಷ್ಯರೇ ಇರುತ್ತಿರಲಿಲ್ಲ.

ಆ ಕೆಲಸದ ಬಿಸಿ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಇರುವ ಕೂಪರ್ಸ್‌ಟೌನ್‌ಗೂ ತಟ್ಟಿತು. 1971ರಲ್ಲಿ ಸ್ಯಾಚೆಲ್ ಪೇಜ್ ಅವರನ್ನು ಹಾಲ್ ಆಫ್ ಫೇಮ್‌ಗೆ ಸೇರಿಸುವಾಗ ನೀಗ್ರೋ ಲೀಗ್‌ನವರಿಗೆ ಪ್ರತ್ಯೇಕ ವಿಭಾಗ ಮಾಡುವ ಆಲೋಚನೆಯಿತ್ತು. ಗದ್ದಲ ಎದ್ದ ಮೇಲೆ ಕೈಬಿಟ್ಟರು. 2006ರಲ್ಲಿ ಒಟ್ಟಿಗೆ 17 ಮಂದಿ ಆಯ್ಕೆಯಾದರು. ಈ ಚರಿತ್ರೆಯನ್ನು ಊರೂರಿಗೆ ಹೇಳಿದ ಬಕ್ ಓನೀಲ್ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಆದರೂ ಅವರೇ ವೇದಿಕೆ ಹತ್ತಿ ಉಳಿದವರ ಪರವಾಗಿ ಮಾತಾಡಿದರು, ಅದೇ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಆಯ್ಕೆಗಾರರಿಗೆ ಬುದ್ಧಿ ಬಂದದ್ದು 2021ರ ಕೊನೆಗೆ.

ಎರಡನೆಯ ಒಳ್ಳೆಯ ಫಸಲು ಆರ್ಥಿಕ ಚರಿತ್ರೆಯದು. ಜೂಲ್ಸ್ ಟೈಗಿಯಲ್ ಅವರ 1983ರ ಕೃತಿ ರಾಬಿನ್ಸನ್ ಪ್ರಸಂಗಕ್ಕೆ ಈಗಲೂ ಮೊದಲ ಓದು. ಆದರೆ ನೀಲ್ ಲ್ಯಾಂಕ್ಟಾಟ್ 2004ರಲ್ಲಿ ಕೇಳಿದ ಪ್ರಶ್ನೆ ಇನ್ನೂ ಇರಿಯುವಂಥದು: ಬೇಲಿ ಬಿದ್ದಾಗ ಕಳೆದುಕೊಂಡವರು ಯಾರು? ರೂಬ್ ಫಾಸ್ಟರ್ 1920ರ ಫೆಬ್ರವರಿ 13ರಂದು ಕಾನ್ಸಸ್ ಸಿಟಿಯಲ್ಲಿ ನೀಗ್ರೋ ನ್ಯಾಷನಲ್ ಲೀಗ್ ಕಟ್ಟಿದ್ದು ಕಪ್ಪು ಜನರ ದುಡ್ಡು ಕಪ್ಪು ಜನರ ಕೈಯಲ್ಲೇ ಉಳಿಯಲೆಂದು. ಕಾನ್ಸಸ್ ಸಿಟಿ ಮೊನಾರ್ಕ್ಸ್ ಹೊತ್ತೊಯ್ಯುವ ದೀಪಗಳಡಿ ರಾತ್ರಿ ಪಂದ್ಯ ಆಡಿದ್ದು 1930ರಲ್ಲಿ, ಮೇಜರ್ ಲೀಗ್‌ಗಿಂತ ಐದು ವರ್ಷ ಮೊದಲು. ಅದೇ ಮೊನಾರ್ಕ್ಸ್‌ನಿಂದ ರಾಬಿನ್ಸನ್ ಅವರನ್ನು ಒಯ್ದಾಗ ರಿಕಿ ಒಂದು ಡಾಲರನ್ನೂ ಕೊಡಲಿಲ್ಲ. ನ್ಯೂಅರ್ಕ್ ಈಗಲ್ಸ್‌ನ ಒಡತಿ ಎಫಾ ಮ್ಯಾನ್ಲಿ ಡಾನ್ ನ್ಯೂಕೂಂಬ್ ವಿಷಯದಲ್ಲೂ ಹೀಗೇ ಬರಿಗೈಯಾದರು. ಲ್ಯಾರಿ ಡೋಬಿಗೆ ಮಾತ್ರ ಕ್ಲೀವ್‌ಲ್ಯಾಂಡ್ 15,000 ಡಾಲರ್ ಕೊಟ್ಟಿತು. 1948ರ ಋತು ಮುಗಿದ ಮೇಲೆ, ಫಾಸ್ಟರ್ ಕಟ್ಟಿದ್ದರ ಹೆಸರನ್ನೇ ಹೊತ್ತ ಎರಡನೆಯ ನೀಗ್ರೋ ನ್ಯಾಷನಲ್ ಲೀಗ್ ಮುಚ್ಚಿತು. ಇದನ್ನು ಹೇಳಿದ ಕೂಡಲೇ ಬೇಲಿಯೇ ಒಳ್ಳೆಯದಿತ್ತೇ ಎಂದು ಕೇಳುವ ಜಾಣರಿದ್ದಾರೆ. ಒಡೆತನ, ಮ್ಯಾನೇಜರ್ ಹುದ್ದೆ, ಲೆಕ್ಕಪತ್ರದ ಕೆಲಸ ಯಾವುದೂ ಆಟಗಾರರ ಜತೆ ಬೇಲಿ ದಾಟಲಿಲ್ಲ ಎಂಬುದಷ್ಟೇ ಇಲ್ಲಿನ ಮಾತು.

ಬೇಲಿ ಕಾಯ್ದವರಿಗೆ ಏನು ಸಿಗುತ್ತಿತ್ತು ಎಂಬುದಕ್ಕೆ ಒಂದು ಕಾಗದ ಉಳಿದಿದೆ. 1946ರ ಆಗಸ್ಟ್‌ನಲ್ಲಿ ಮೇಜರ್ ಲೀಗ್ ಮಾಲೀಕರ ಸಮಿತಿಯೊಂದು ತಯಾರಿಸಿದ ವರದಿ, ಕಪ್ಪು ತಂಡಗಳಿಗೆ ಮೈದಾನ ಬಾಡಿಗೆ ಕೊಟ್ಟು ಯಾಂಕೀಸ್ ಒಂದೇ ವರ್ಷಕ್ಕೆ ಸುಮಾರು 1,00,000 ಡಾಲರ್ ಗಳಿಸುತ್ತಿದೆ ಎಂದು ಬಿಚ್ಚಿಟ್ಟಿತು. ನನ್ನ ಮಟ್ಟಿಗೆ ಆ ವರದಿ ಹತ್ತು ಜೀವನಚರಿತ್ರೆಗಳಿಗೆ ಸಮ. ರಿಕಿ ಮೇಲೆ ಬಂದ ಪುಸ್ತಕಗಳ ಪಕ್ಕದಲ್ಲಿ ಬೇಲಿ ಕಾಯ್ದ ಮಾಲೀಕರ ಮೇಲಿನವನ್ನು ಇಟ್ಟು ನೋಡಿದರೆ ಕಪಾಟು ಒಂದೇ ಕಡೆ ವಾಲುತ್ತದೆ.

ಈಚಿನ ಹಂತ ಕಂಪ್ಯೂಟರಿನದು. ಹವ್ಯಾಸಿಗಳು ವಾರಪತ್ರಿಕೆಗಳ ಸ್ಕೋರುಪಟ್ಟಿಗಳನ್ನು ಒಂದೊಂದಾಗಿ ಹುಡುಕಿ ಕಟ್ಟಿದ ಸೀಮ್‌ಹೆಡ್ಸ್ ದತ್ತಾಂಶ ಕೋಶ 2011ರಲ್ಲಿ ತೆರೆಯಿತು. 2020ರ ಡಿಸೆಂಬರ್‌ನಲ್ಲಿ 1920ರಿಂದ 1948ರವರೆಗಿನ ಏಳು ಲೀಗ್‌ಗಳಿಗೆ ಮೇಜರ್ ಲೀಗ್ ದರ್ಜೆ ಸಿಕ್ಕದ್ದೂ ಅದರ ನಂತರದ ಸೇರ್ಪಡೆಯೂ ಇವರ ದುಡಿಮೆಯ ಫಲ. ಆದರೆ ಈ ಎಣಿಕೆಗೆ ಸಿಗುವುದು ಲೀಗ್ ಪಂದ್ಯಗಳು ಮಾತ್ರ. ಗಿಬ್ಸನ್ ಅವರ ಹಾಲ್ ಆಫ್ ಫೇಮ್ ಫಲಕ ಸುಮಾರು 800 ಹೋಮ್ ರನ್ ಎನ್ನುತ್ತದೆ, ಅಧಿಕೃತ ಪಟ್ಟಿಯಲ್ಲಿ ಇನ್ನೂರೂ ಇಲ್ಲ. ಉಳಿದವು ಊರೂರು ಅಲೆದು ಆಡಿದ ಪಂದ್ಯಗಳಲ್ಲಿ ಹೊಡೆದವು. 1953ರಲ್ಲಿ ಇಂಡಿಯಾನಾಪೊಲಿಸ್ ಕ್ಲೌನ್ಸ್ ಪರ ಎರಡನೆಯ ಬೇಸ್‌ನಲ್ಲಿ ಆಡಿದ ಟೋನಿ ಸ್ಟೋನ್ ಎಂಬ ಮಹಿಳೆ ಈ ಲೆಕ್ಕದ ಹೊರಗೆ, ಏಕೆಂದರೆ ಲೆಕ್ಕ 1948ಕ್ಕೇ ನಿಲ್ಲುತ್ತದೆ.

ಬೇಸ್‌ಬಾಲ್‌ಗೆ ಇಷ್ಟಾದರೂ ಆಯಿತು. ಬಾಕ್ಸಿಂಗ್‌ನಲ್ಲಿ 1915ರಲ್ಲಿ ಹವಾನಾದಲ್ಲಿ ಜಾನ್ಸನ್ ವಿಲರ್ಡ್‌ಗೆ ಸೋತ ಮೇಲೆ, 1937ರ ಜೂನ್ 22ರಂದು ಜೋ ಲೂಯಿ ಶಿಕಾಗೋದಲ್ಲಿ ಬ್ರ್ಯಾಡಕ್‌ರನ್ನು ಕೆಡಹುವವರೆಗೆ, ಯಾವ ಕಪ್ಪು ಮಲ್ಲರಿಗೂ ಹೆವಿವೇಟ್ ಪದವಿಯ ಕಾಳಗ ಸಿಗಲಿಲ್ಲ. ಕಪ್ಪು ಮಲ್ಲ ಹ್ಯಾರಿ ವಿಲ್ಸ್ ಚಾಂಪಿಯನ್ ಜ್ಯಾಕ್ ಡೆಂಪ್ಸಿಗಾಗಿ ವರ್ಷಗಟ್ಟಲೆ ಕಾದರು. 1925ರಲ್ಲಿ ಕರಾರಿಗೆ ಸಹಿಯೂ ಬಿತ್ತು, ಪಂದ್ಯ ಮಾತ್ರ ನಡೆಯಲಿಲ್ಲ. ಬಿಳಿಯರ ಎದುರು ದೊಡ್ಡ ಪಂದ್ಯ ಸಿಗದೆ ವಿಲ್ಸ್ ಮತ್ತು ಲ್ಯಾಂಗ್‌ಫರ್ಡ್ ತಮ್ಮತಮ್ಮಲ್ಲೇ ಹದಿನೈದಕ್ಕೂ ಹೆಚ್ಚು ಬಾರಿ ಬಡಿದಾಡಿದರು. 1944ರಲ್ಲಿ ಪತ್ರಕರ್ತರೊಬ್ಬರು ಲ್ಯಾಂಗ್‌ಫರ್ಡ್ ಅವರನ್ನು ಹುಡುಕಿಕೊಂಡು ಹೋದಾಗ ಅವರು ಕಣ್ಣು ಕಳೆದುಕೊಂಡು ಹಾರ್ಲೆಮ್‌ನ ಕೋಣೆಯೊಂದರಲ್ಲಿದ್ದರು. ಇವರಿಬ್ಬರೂ ಗೆದ್ದ, ಕಪ್ಪು ಮಲ್ಲರಿಗಷ್ಟೇ ಇದ್ದ ‘ವಿಶ್ವ ಕಲರ್ಡ್ ಹೆವಿವೇಟ್’ ಪದವಿಗೆ ದರ್ಜೆ ಕೊಡಿ ಎಂದು ಅರ್ಜಿ ಹಾಕಲು ಬಾಕ್ಸಿಂಗ್‌ನಲ್ಲಿ ಒಂದು ಕಚೇರಿಯೇ ಇಲ್ಲ. ಆ ಇಪ್ಪತ್ತೆರಡು ವರ್ಷಗಳ ಅಧಿಕೃತ ಪಟ್ಟಿ ವಿಲರ್ಡ್‌ರಿಂದ ಬ್ರ್ಯಾಡಕ್‌ವರೆಗೆ ಎಂಟು ಹೆಸರುಗಳೊಂದಿಗೆ ಎಲ್ಲ ಕೈಪಿಡಿಗಳಲ್ಲೂ ಹಾಗೆಯೇ ಅಚ್ಚಾಗುತ್ತಿದೆ, ಅಡಿಟಿಪ್ಪಣಿಯೂ ಇಲ್ಲದೆ.