ಕರಣೆಯ ಜೊತೆಗೊಂದು ನಕ್ಷೆ

ಅಮೆರಿಕದ ಹೈಸ್ಕೂಲು ಮಕ್ಕಳು ಓದಿನ ಭಾಗವಾಗಿಯೇ ಕಟ್ಟಡ ಕೆಲಸದ ಇಂಟರ್ನ್‌ಶಿಪ್‌ಗೆ ಹೋಗುವುದುಂಟು. ಇದರ ಬೇರು ಹುಡುಕುವಾಗ ನನ್ನ ಗಮನ ಸೆಳೆದದ್ದು ಅಲಬಾಮಾದ ಟಸ್ಕೀಗಿ. ಗುಲಾಮಗಿರಿಯಲ್ಲಿ ಹುಟ್ಟಿದ ಬುಕರ್ ಟಿ. ವಾಷಿಂಗ್ಟನ್ 1881ರಲ್ಲಿ ಅಲ್ಲಿ ಕಪ್ಪು ಜನರ ಶಾಲೆಯೊಂದನ್ನು ಶುರುಮಾಡಿದರು. ಕಟ್ಟಡ ಬೇಕಿತ್ತು, ದುಡ್ಡಿರಲಿಲ್ಲ. ವಿದ್ಯಾರ್ಥಿಗಳೇ ಮಣ್ಣು ಕಲಸಿ ಇಟ್ಟಿಗೆ ಹಾಕಿದರು. ಮೂರು ಸಲ ಗೂಡು ಕೈಕೊಟ್ಟಿತು. ವಾಷಿಂಗ್ಟನ್ ತಮ್ಮ ಗಡಿಯಾರ ಅಡವಿಟ್ಟು ತಂದ ಹಣದಲ್ಲಿ ನಾಲ್ಕನೆಯ ಸಲ ಇಟ್ಟಿಗೆ ಸರಿಯಾಗಿ ಬೆಂದಿತು.

ಆದರೆ ಕಸುಬಿಗೇ ಒತ್ತು ಕೊಟ್ಟರೆ ಕಪ್ಪು ಯುವಕರಿಗೆ ಉನ್ನತ ಶಿಕ್ಷಣ ದಕ್ಕುವುದಿಲ್ಲವೆಂದು ಡಬ್ಲ್ಯು.ಇ.ಬಿ. ಡುಬಾಯ್ಸ್ 1903ರಲ್ಲಿ ವಾದಿಸಿದರು. 1917ರ ಸ್ಮಿತ್-ಹ್ಯೂಸ್ ಕಾಯ್ದೆ ಕಸುಬು ಶಿಕ್ಷಣಕ್ಕೆ ಕೇಂದ್ರದ ಹಣ ಕೊಟ್ಟಿತು. ಪೂರ್ಣಾವಧಿಯ ಕೈಗಾರಿಕಾ ತರಗತಿಗಳಲ್ಲಿ ಕನಿಷ್ಠ ಅರ್ಧ ವೇಳೆ ಕೈಕೆಲಸಕ್ಕೇ ಹೋಗಬೇಕೆಂದಿತು. ಮುಂದಿನ ದಶಕಗಳಲ್ಲಿ ಬಡವರ, ಕಪ್ಪು ಜನರ ಮಕ್ಕಳನ್ನು ಕಾಲೇಜಿನ ಬದಲು ಕಸುಬಿನ ಕಡೆಗೇ ತಳ್ಳಿದ ಶಾಲೆಗಳು ಹಲವು. ಡುಬಾಯ್ಸ್ ಆತಂಕ ಹುಸಿಯಾಗಿರಲಿಲ್ಲ.

ಹಾಗೆಂದು ಕಸುಬನ್ನೇ ದೂರಲಾರೆ. ಬಡಗಿಯ ಮಗ ರಾಬರ್ಟ್ ಟೇಲರ್ 1892ರಲ್ಲಿ ಬಾಸ್ಟನ್ನಿನ ಎಂ.ಐ.ಟಿ.ಯಲ್ಲಿ ವಾಸ್ತುಶಿಲ್ಪ ಓದಿ ಮುಗಿಸಿ ಟಸ್ಕೀಗಿಗೆ ಬಂದರು. ಕಟ್ಟಡಗಳ ನಕ್ಷೆ ಬರೆದರು, ವಿದ್ಯಾರ್ಥಿಗಳಿಗೆ ನಕ್ಷೆ ಬರೆಯುವುದನ್ನೂ ಕಲಿಸಿದರು. ಗೋಡೆ ಎಬ್ಬಿಸುವವರಿಗೆ ಅದರ ಲೆಕ್ಕಾಚಾರವೂ ತಿಳಿಯುವಂತಾಯಿತು.

ಇಂದು ಅಲ್ಲಿ 18 ತುಂಬದವರು ಮಾಡು ಹೊದಿಸುವಂತಿಲ್ಲ, ಆಳದ ಗುಂಡಿ ತೋಡುವಂತಿಲ್ಲ; ಕಲಿಕೆಯ ಒಪ್ಪಂದವಿರುವ ವಿದ್ಯಾರ್ಥಿಗಳಿಗೆ ಮಾತ್ರ, ಮೇಲ್ವಿಚಾರಣೆಯಲ್ಲಿ, ಸೀಮಿತ ವಿನಾಯಿತಿ. ಕಾನೂನು ಮೈ ಕಾಯುತ್ತದೆ. ಆ ಹುಡುಗನ ಕೈಗೆ ಕರಣೆಯ ಜೊತೆಗೆ ನಕ್ಷೆಯನ್ನೂ ಕೊಡಬೇಕಾದದ್ದು ಶಾಲೆಯೇ.